ಮೊಮ್ಮಗ ಕಾಯಿ ಇಳಿಸಿ ಆಡಿದ

ಪ್ರಶ್ನೆ: ನಾನು ಆಳಂದದವನು. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾಗಿದ್ದೇನೆ. ವಯಸ್ಸು 66. ಬುದ್ಧಿಬಳ ಆಡುವವರಲ್ಲಿ ನನ್ನ ಹೆಸರು ನಮ್ಮ ಭಾಗದಲ್ಲಿ ನಾಲ್ಕು ಮಂದಿಗೆ ಗೊತ್ತು. ಅಫಜಲಪುರಕ್ಕೆ ಮಗಳ ಮನೆಗೆ ಹೋದರೂ, ಜೇವರ್ಗಿಯಲ್ಲಿರುವ ಹಳೆಯ ಸಹೋದ್ಯೋಗಿಯ ಮನೆಗೆ ಹೋದರೂ ಚಹಾಕ್ಕಿಂತ ಮೊದಲು ಬೋರ್ಡು ಬರುತ್ತದೆ. ಶಾಲೆಯ ಹುಡುಗರ ಜತೆ ಆಡುವಾಗ ನಾನು ನನ್ನ ವಜೀರನನ್ನು ತೆಗೆದಿಟ್ಟೇ ಆಡುತ್ತಿದ್ದೆ. ಆದರೂ ಗೆಲ್ಲುತ್ತಿದ್ದೆ.

ಮಗ ಟೋಕಿಯೊದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ನಿಶಿಕಸಾಯ್ ಎಂಬಲ್ಲಿ ಮನೆ. ಮೊಮ್ಮಗನಿಗೆ ಹತ್ತು ವರ್ಷ, ಅಲ್ಲಿಯ ಶಾಲೆಗೇ ಹೋಗುತ್ತಾನೆ. ಹೋದ ಶ್ರಾವಣದಲ್ಲಿ ಅವರಿಗೆ ರಜೆ ಇದ್ದಾಗ ಬಂದವನು ಶೋಗಿ ಎಂಬ ಜಪಾನಿ ಆಟದ ಬೋರ್ಡು ತಂದಿದ್ದ. ಬುದ್ಧಿಬಳದ ಥರವೇ ಇದೆಯಲ್ಲ ಎಂದು ಕೂತೆ. ಒಂದಾದ ಮೇಲೊಂದು ಸೋತೆ. ಮರುದಿನ ಅವನು, ‘ಮುತ್ಯಾ, ನೀ ಹೊಸಬ ಇದ್ದಿ. ನಾ ನನ್ನ ಎರಡು ದೊಡ್ಡ ಕಾಯಿ ತೆಗೀತೀನಿ, ಆಡೋಣ ಬಾ’ ಅಂದ. ಹಾಗೆ ಆಡಿದರೂ ಸೋಲು ಕಾಣತೊಡಗಿತು. ಜೇವರ್ಗಿಯ ಗೆಳೆಯ ಪಕ್ಕದಲ್ಲೇ ಕೂತು ನಕ್ಕ. ಎಲ್ಲಿತ್ತೋ ಸಿಟ್ಟು, ಆಟದ ನಡುವೆಯೇ ಬೋರ್ಡು ಮಡಚಿ, ‘ಸಾಕು, ಇದೇನು ಸಣ್ಣ ಹುಡುಗರ ಆಟ’ ಎಂದು ಎದ್ದುಬಿಟ್ಟೆ. ಹುಡುಗ ಏನೂ ಅನ್ನಲಿಲ್ಲ. ಕಾಯಿಗಳನ್ನು ಆರಿಸಿ ಚೀಲಕ್ಕೆ ಹಾಕಿಕೊಂಡ.

ಈಗ ರವಿವಾರ ವಿಡಿಯೊ ಕರೆಯಲ್ಲಿ ಅವನು ಆಟದ ಮಾತೆತ್ತಿದರೆ ನಾನು ಫೋನು ಮನೆಯವರ ಕೈಗೆ ಕೊಡುತ್ತೇನೆ. ಗುಟ್ಟಾಗಿ ಮೊಬೈಲಿನಲ್ಲಿ ಕಂಪ್ಯೂಟರಿನ ಎದುರು ಕಲಿಯಲು ನೋಡಿದೆ, ಬರೀ ಸೋಲು. ಆ ಅಕ್ಷರಗಳೂ ತಲೆಗೆ ಹತ್ತವು. ಚೆನ್ನಾಗಿ ಕಲಿತು, ಸರಿಸಮ ಆಡಿ, ಒಮ್ಮೆ ಅವನನ್ನು ಗೆದ್ದ ಮೇಲೇ ಈ ವಿಷಯ ಮಾತಾಡಬೇಕೆಂದಿದ್ದೇನೆ. ಈ ವಯಸ್ಸಿಗೆ ಆಗುವ ಮಾತೇ? ಇಲ್ಲಿ ಜತೆಗೆ ಆಡುವವರಿಲ್ಲ, ಬೋರ್ಡೂ ಸಿಗುವುದಿಲ್ಲ.
– ಹೆಸರು ಬೇಡ, ಆಳಂದ

ಉತ್ತರ: ಮಾಸ್ತರರೇ, ಕಲಿಯುವುದು ಆಗುವ ಮಾತೇ. ಗೆದ್ದ ಮೇಲೆ ಮಾತಾಡುತ್ತೇನೆ ಎಂಬುದು ಮಾತ್ರ ಆಗದ ಮಾತು. ಹುಡುಗ ದಿನವೂ ತನ್ನ ಸರೀಕರ ಜತೆ ಆಡುವ ಊರಲ್ಲಿದ್ದಾನೆ. ನೀವು ಆಳಂದದಲ್ಲಿ ಒಬ್ಬರೇ ಮೊಬೈಲು ಹಿಡಿದು ಕೂತು ಅವನ ಸಮಕ್ಕೆ ಬರುವಷ್ಟರಲ್ಲಿ ಅವನಿಗೆ ಮೀಸೆ ಬಂದಿರುತ್ತದೆ. ಅಲ್ಲಿಯವರೆಗೆ ರವಿವಾರ ರವಿವಾರ ಫೋನು ಮನೆಯವರಿಗೆ ದಾಟಿಸುತ್ತ ಹೋಗುತ್ತೀರಾ? ಅವರಿಗೆ ಇದು ಯಾವಾಗಲೋ ಗೊತ್ತಾಗಿರುತ್ತದೆ, ಬಾಯಿ ಬಿಟ್ಟಿಲ್ಲ ಅಷ್ಟೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ವಜೀರನ ಮಾತು. ವಜೀರನನ್ನು ತೆಗೆದಿಟ್ಟು ಹುಡುಗರ ಜತೆ ಕೂರುತ್ತಿದ್ದಾಗ ಅವರನ್ನು ಹೀಯಾಳಿಸಬೇಕೆಂದು ನಿಮಗೆ ಅನ್ನಿಸಿತ್ತೇ? ಇಲ್ಲ. ಆಟ ಸ್ವಲ್ಪ ಬಿಗಿಯಾಗಲಿ, ಹುಡುಗ ಹೆದರಿ ಎದ್ದುಹೋಗದಿರಲಿ, ನಾಲ್ಕು ನಡೆ ಹೆಚ್ಚು ಕಲಿಯಲಿ ಎಂದು ತೆಗೆದಿರಿ. ಮೊಮ್ಮಗ ಮಾಡಿದ್ದೂ ಅದನ್ನೇ. ಕೊಡುವ ಕೈ ನಿಮ್ಮದಾಗಿದ್ದಾಗ ಅದು ಕಲಿಸುವ ರೀತಿ ಅನ್ನಿಸಿತು. ಆ ಕೈ ಹತ್ತು ವರ್ಷದವನದಾದಾಗ ಅವಮಾನ ಅನ್ನಿಸಿತು, ಅದೂ ಜೇವರ್ಗಿಯವರು ನೋಡುತ್ತಿದ್ದಾಗ. ಗೆಳೆಯರು ಇಲ್ಲದಿದ್ದರೆ ನೀವು ಬೋರ್ಡು ಮಡಚುತ್ತಿದ್ದಿರೋ ಇಲ್ಲವೋ, ನಿಮ್ಮೊಳಗೇ ಕೇಳಿಕೊಳ್ಳಿ.

ಹುಡುಗ ಅದನ್ನು ತನ್ನ ತಲೆಯಿಂದ ಹುಟ್ಟಿಸಿದ್ದಲ್ಲ ಎಂಬುದೂ ನಿಮಗೆ ಗೊತ್ತಿರಲಿ. ಶೋಗಿಯಲ್ಲಿ ಬಲ್ಲವರು ಹೊಸಬರ ಜತೆ ಕೂತಾಗ ಕಾಯಿ ಇಳಿಸುವುದು ಶತಮಾನಗಳಿಂದ ಬಂದ ಪದ್ಧತಿ. ಅದಕ್ಕೆ ಮೆಟ್ಟಿಲುಗಳೂ ಇವೆ. ಅಂತರ ಸ್ವಲ್ಪವೇ ಇದ್ದರೆ ಮೂಲೆಯ ಒಂದು ತೇರು. ಇನ್ನೂ ಹೆಚ್ಚಿದ್ದರೆ ಒಂಟೆ ಅಥವಾ ಆನೆ. ಅದಕ್ಕೂ ಹೆಚ್ಚಿದ್ದರೆ ಎರಡೂ. ಅಲ್ಲಿಂದ ಮುಂದೆ ನಾಲ್ಕು, ಆರು, ಎಂಟು, ಕೊನೆಗೆ ಹತ್ತು ಕಾಯಿ. ಹತ್ತು ಇಳಿಸಿದರೆ ಉಳಿಯುವುದು ರಾಜ ಮತ್ತು ಒಂಬತ್ತು ಪ್ಯಾದೆ ಮಾತ್ರ. ಕಾಯಿ ಬಿಟ್ಟುಕೊಟ್ಟವರೇ ಮೊದಲ ನಡೆ ನಡೆಯುತ್ತಾರೆ. ಎರಡು ಕಾಯಿ ಇಳಿಸಿದಾಗ ಹೇಗೆ ಆಡಬೇಕು, ನಾಲ್ಕು ಇಳಿಸಿದಾಗ ಹೇಗೆ ಎಂದು ಬೇರೆ ಬೇರೆ ಪಾಠಗಳೇ ಇವೆ. ನಿಮ್ಮ ಮೊಮ್ಮಗನಿಗೂ ಅವನ ಶಾಲೆಯ ದೊಡ್ಡ ಹುಡುಗನೊಬ್ಬ ಹೀಗೇ ಕಾಯಿ ಇಳಿಸಿ ಕಲಿಸಿರಬೇಕು. ತನಗೆ ಸಿಕ್ಕ ಮರ್ಯಾದೆಯನ್ನೇ ಅವನು ಮುತ್ಯಾನಿಗೂ ಕೊಟ್ಟ.

ಸಣ್ಣವರಿಗೆ ಮಾತ್ರ ಈ ರಿಯಾಯಿತಿ ಅಂದುಕೊಂಡಿದ್ದರೆ ಇದನ್ನು ಕೇಳಿ. ಮಸುದಾ ಕೋಜೊ ಎಂಬ ಹುಡುಗ 1932ರಲ್ಲಿ ಹಿರೋಶಿಮಾ ಸೀಮೆಯ ತನ್ನ ಹಳ್ಳಿಯಿಂದ ಓಡಿಹೋಗುವಾಗ ತಾಯಿಯ ಅಳತೆಗೋಲಿನ ಬೆನ್ನ ಮೇಲೆ ಬರೆದಿಟ್ಟು ಹೋಗಿದ್ದ: ಮೇಯಿಜಿನ್ ಪಟ್ಟದಲ್ಲಿರುವವನಿಗೆ ಒಂದು ತೇರು ಬಿಟ್ಟುಕೊಟ್ಟು ಆಡಿ ಗೆಲ್ಲುತ್ತೇನೆ ಎಂದು. ಮೇಯಿಜಿನ್ ಅಂದರೆ ಆ ಆಟದ ಅತಿ ದೊಡ್ಡ ಪಟ್ಟ. ಒಂದು ಮಗುವಿನ ಜಂಬದ ಮಾತು. ಆದರೆ 1956ರಲ್ಲಿ ಅದು ನಡೆದೇಹೋಯಿತು. ಓಶೋ ಎಂಬ ಪಂದ್ಯಸರಣಿಯಲ್ಲಿ ಆಗ, ಒಬ್ಬರು ಮೂರು ಆಟ ಮುಂದಾದರೆ ಮುಂದಿನ ಆಟದಲ್ಲಿ ಎದುರಾಳಿಗೆ ತೇರು ಬಿಟ್ಟುಕೊಡಬೇಕೆಂಬ ನಿಯಮವಿತ್ತು. ಹಾಲಿ ಮೇಯಿಜಿನ್ ಓಯಾಮಾ ಯಾಸುಹಾರು ಮೊದಲ ಮೂರೂ ಆಟ ಸೋತರು. ನಾಲ್ಕನೆಯದಕ್ಕೆ ದೇಶವೆಲ್ಲ ನೋಡುತ್ತಿದ್ದ ಹಾಗೇ ಮಸುದಾ ತಮ್ಮ ತೇರನ್ನು ತೆಗೆದಿಟ್ಟು ಕೂತರು. ಓಯಾಮಾ ಆ ಆಟವನ್ನೂ ಸೋತರು.

ಓಯಾಮಾ ಬೋರ್ಡು ಮಡಚಿ ಎದ್ದುಹೋಗಲಿಲ್ಲ ಎಂಬುದು ನನಗೆ ಮಸುದಾ ಅವರ ಗೆಲುವಿಗಿಂತ ದೊಡ್ಡದಾಗಿ ಕಾಣುತ್ತದೆ. ಅವರು ಬಾಳಿನಲ್ಲಿ ಒಟ್ಟು 80 ಪಟ್ಟ ಗೆದ್ದರು, ಮೇಯಿಜಿನ್ ಪಟ್ಟವೊಂದನ್ನೇ 18 ಸಲ. 1990ರಲ್ಲಿ, ಸರಿಯಾಗಿ ನಿಮ್ಮ ವಯಸ್ಸಿನಲ್ಲಿ, 66ಕ್ಕೆ, ಕಿಓ ಎಂಬ ಪಟ್ಟಕ್ಕೆ ಸವಾಲು ಹಾಕುವ ಹಂತಕ್ಕೆ ಬಂದರು. ಆ ಸರಣಿಯನ್ನು ಸೋತರು, ಇರಲಿ. 1992ರಲ್ಲಿ ತೀರಿಕೊಳ್ಳುವವರೆಗೂ ಮೇಲಿನ ದರ್ಜೆಯಲ್ಲೇ ಆಡುತ್ತಿದ್ದರು. ವಯಸ್ಸಿನ ಪ್ರಶ್ನೆಗೆ ಇಷ್ಟು ಸಾಕು. ವೃತ್ತಿ ಆಟಗಾರರಾಗುವ ಮಾಮೂಲಿ ದಾರಿಗೆ ಅಲ್ಲಿ 26ರ ಮಿತಿ ಇದೆ ನಿಜ, ನಿಮಗೇನೂ ಆ ನೌಕರಿ ಬೇಕಾಗಿಲ್ಲವಲ್ಲ.

ಮೊಮ್ಮಗನ ಕೈಲಿ ಸೋತ ಅಜ್ಜಂದಿರಲ್ಲಿ ನೀವು ಮೊದಲಿಗರೂ ಅಲ್ಲ. ಫುಜೀ ಸೋತಾ ಹೆಸರು ನಿಮ್ಮ ಹುಡುಗನ ಬಾಯಲ್ಲಿ ಬಂದೇ ಇರುತ್ತದೆ. 2023ರಲ್ಲಿ ಶೋಗಿಯ ಎಂಟೂ ದೊಡ್ಡ ಪಟ್ಟಗಳನ್ನು ಒಟ್ಟಿಗೆ ಹಿಡಿದಿದ್ದ ತರುಣ. ಆತನಿಗೆ ಐದು ವರ್ಷವಿದ್ದಾಗ, 2007ರ ಬೇಸಿಗೆಯಲ್ಲಿ, ಸೆತೊ ಎಂಬ ಊರಲ್ಲಿ ಪಕ್ಕದ ಮನೆಯಲ್ಲೇ ಇದ್ದ ತಾಯಿಯ ತಾಯಿ ಒಂದು ಕಲಿಕೆಯ ಬೋರ್ಡು ತಂದುಕೊಟ್ಟರು. ಕಾಯಿಗಳ ಮೇಲೇ ಅವು ಹೇಗೆ ನಡೆಯುತ್ತವೆಂದು ಗುರುತು ಹಾಕಿದ ಬೋರ್ಡು. ಆಟ ಬಲ್ಲ ಅಜ್ಜ ಎದುರಿಗೆ ಕೂತರು. ಬೇಸಿಗೆ ಕಳೆದು ಶರತ್ಕಾಲ ಬರುವಷ್ಟರಲ್ಲಿ ಅಜ್ಜನಿಗೆ ಅವನ ಎದುರು ಆಟ ನಡೆಯದಾಯಿತು. 2016ರ ಡಿಸೆಂಬರಿನಲ್ಲಿ, 14ನೇ ವಯಸ್ಸಿನಲ್ಲಿ, ಅದೇ ಹುಡುಗ ವೃತ್ತಿ ಆಟಗಾರನಾಗಿ ಮೊದಲ ಪಂದ್ಯ ಆಡಿದ್ದು 76 ವರ್ಷದ ಕಾಟೊ ಹಿಫುಮಿ ಅವರೆದುರು. ಅವರೂ 14ಕ್ಕೇ ವೃತ್ತಿಗೆ ಬಂದಿದ್ದವರು, 1954ರಲ್ಲಿ. ಹಿರಿಯರು ಸೋತರು.

ಇನ್ನು ನಿಜವಾಗಿ ಕೆಟ್ಟದ್ದು ಯಾವುದು ಅಂದರೆ, ನೀವು ಸೋತಿದ್ದಲ್ಲ, ಆಟವನ್ನು ಮುಗಿಸದೆ ಎದ್ದದ್ದು. ಶೋಗಿಯ ಶುರುವಿನಲ್ಲಿ ಇಬ್ಬರೂ ತಲೆಬಾಗಿಸಿ ‘ಒನೆಗಾಯ್‌ಶಿಮಾಸು’ ಅನ್ನುತ್ತಾರೆ. ಸೋಲು ಖಚಿತವಾದಾಗ ಸೋತವರೇ ಬಾಯಿಬಿಟ್ಟು ‘ಮಾಕೆಮಾಶಿತಾ’, ಅಂದರೆ ‘ಸೋತೆ’ ಅನ್ನಬೇಕು. ಗೆದ್ದವರು ಕುಣಿಯುವಂತಿಲ್ಲ. ಆಮೇಲೆ ಇಬ್ಬರೂ ಕಾಯಿಗಳನ್ನು ಮತ್ತೆ ಹೂಡಿ, ಎಲ್ಲಿ ತಪ್ಪಿತು, ಇಲ್ಲಿ ಹೀಗೆ ನಡೆದಿದ್ದರೆ ಏನಾಗುತ್ತಿತ್ತು ಎಂದು ಒಟ್ಟಿಗೆ ನೋಡುತ್ತಾರೆ. ದೊಡ್ಡ ಪಟ್ಟದ ಪಂದ್ಯವಾದರೂ ಅಷ್ಟೆ, ಸೋತ ಮನುಷ್ಯ ಅಲ್ಲೇ ಕೂತು ತನ್ನ ಸೋಲನ್ನು ಗೆದ್ದವನ ಜತೆಯೇ ಬಿಡಿಸಿ ನೋಡಬೇಕು. ಮೊಮ್ಮಗ ಕಲಿತದ್ದು ಇಂಥ ಆಟ. ನೀವು ಎದ್ದಾಗ ಅವನು ಸುಮ್ಮನೆ ಕಾಯಿ ಆರಿಸಿದನೆಂದು ಬರೆದಿದ್ದೀರಿ. ಗೆದ್ದೆನೋ ಇಲ್ಲವೋ, ಮುತ್ಯಾ ಸಿಟ್ಟಾದದ್ದು ಯಾಕೆ, ಏನೂ ಅವನಿಗೆ ತಿಳಿಯಲಿಲ್ಲ. ಆಳಂದಕ್ಕೆ ಬಂದಾಗಲೆಲ್ಲ ಎಲ್ಲವನ್ನೂ ಅವನಿಗೆ ನೀವೇ ಹೇಳಿಕೊಡುತ್ತೀರಿ: ಊರು, ನೆಂಟರು, ಮಾತು, ಉಣ್ಣುವ ರೀತಿ. ತಾನು ಬಲ್ಲ, ಮುತ್ಯಾ ಅರಿಯದ ಒಂದೇ ಒಂದು ಸಂಗತಿಯನ್ನು ಚೀಲದಲ್ಲಿಟ್ಟುಕೊಂಡು ಅಷ್ಟು ದೂರದಿಂದ ಬಂದಿದ್ದ.

ಆದ್ದರಿಂದ ಬರುವ ರವಿವಾರ ಫೋನನ್ನು ನೀವೇ ಹಿಡಿಯಿರಿ. ಅವರ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದಿದೆ. ನಮ್ಮಲ್ಲಿ ಬೆಳಗಿನ ಹನ್ನೊಂದಾದರೆ ಅಲ್ಲಿ ಮಧ್ಯಾಹ್ನ ಎರಡೂವರೆ, ಹುಡುಗ ಉಂಡು ಕೂತಿರುತ್ತಾನೆ. ಪೀಠಿಕೆ ಬೇಡ. ‘ಅವತ್ತಿನ ಆಟ ನಾ ಸೋತೆ’ ಅನ್ನಿ, ಬೇಕಾದರೆ ಅವನ ಮಾತಿನಲ್ಲೇ ಅನ್ನಿ. ‘ಎಲ್ಲಿ ತಪ್ಪಿದೆ ತೋರಸು’ ಅನ್ನಿ. ಇದರ ಜತೆಗೆ, ಶೋಗಿಯೂ ನಮ್ಮ ಚತುರಂಗದಿಂದಲೇ ಹುಟ್ಟಿದ್ದು ಗೊತ್ತೇನು ಎಂದು ಶುರು ಮಾಡಬೇಡಿ. ಅದು ನಿಜ ಇರಬಹುದು, ನಾರಾ ಊರಿನ ಕೊಫುಕುಜಿ ದೇವಾಲಯದಲ್ಲಿ ಸಿಕ್ಕ 1058ರ ಕಾಲದ ಕಾಯಿಗಳಿಗೂ ಹಿಂದಿನ ಕಥೆ ಅದು. ಆದರೆ ಸೋಲೊಪ್ಪುವ ದಿನ ವಂಶಾವಳಿ ತೆಗೆದರೆ ಸೋಲನ್ನು ಮುಚ್ಚಿದ ಹಾಗಾಗುತ್ತದೆ. ಮಕ್ಕಳಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಆಮೇಲೆ ನೀವೇ ಬಾಯಿಬಿಟ್ಟು ರಿಯಾಯಿತಿ ಕೇಳಿ. ಎರಡಲ್ಲ, ಆರು ಕಾಯಿ. ಎರಡು ಇಳಿಸಿದಾಗಲೂ ನಿಮ್ಮ ಕೈಲಿ ಆಗಲಿಲ್ಲವೆಂದರೆ ನಿಮ್ಮ ಮೆಟ್ಟಿಲು ಅದಕ್ಕಿಂತ ಕೆಳಗಿದೆ ಎಂದಷ್ಟೇ ಅರ್ಥ. ಆನೆ, ಒಂಟೆ, ಎರಡೂ ತೇರು, ಎರಡೂ ಕುದುರೆ ಅವನ ಕಡೆಯಿಂದ ಇಳಿಯಲಿ. ಆಗ ಅವನ ಎರಡೂ ಅಂಚು ತೆರೆದಿರುತ್ತವೆ, ಅಲ್ಲಿಂದ ನಿಮ್ಮ ಆನೆ ಮತ್ತು ತೇರು ಸೇರಿ ನುಗ್ಗುವುದನ್ನು ಕಲಿಯಿರಿ. ಅದು ಸಲೀಸಾದ ಮೇಲೆ ನಾಲ್ಕಕ್ಕೆ ಬನ್ನಿ. ಎಷ್ಟು ತಿಂಗಳು ಹಿಡಿದರೂ ಹಿಡಿಯಲಿ.

ಬುದ್ಧಿಬಳ ಬಲ್ಲವರು ಇಲ್ಲಿ ಮುಗ್ಗರಿಸುವುದಕ್ಕೆ ಕಾರಣವಿದೆ. ನಿಮ್ಮ ಕೈಗೆ ಬಂದ ಅಭ್ಯಾಸ ಏನು? ಒಂದು ಪ್ಯಾದೆ ಮೇಲಾದರೆ ಸಾಕು, ಆನೆಗೆ ಆನೆ, ಒಂಟೆಗೆ ಒಂಟೆ ಹೊಡೆದು ಬೋರ್ಡು ಖಾಲಿ ಮಾಡುವುದು, ಕೊನೆಗೆ ಆ ಒಂದು ಪ್ಯಾದೆಯಲ್ಲಿ ಗೆಲ್ಲುವುದು. ಶೋಗಿಯಲ್ಲಿ ಬೋರ್ಡು ಖಾಲಿಯಾಗುವುದೇ ಇಲ್ಲ. ಹೊಡೆದ ಕಾಯಿ ಹೊಡೆದವರ ಕೈಗೆ ಬರುತ್ತದೆ. ತಮ್ಮ ಸರದಿಯಲ್ಲಿ ನಡೆ ನಡೆಯುವ ಬದಲು ಅದನ್ನು ತಮ್ಮದೇ ಕಾಯಿಯಾಗಿ ಖಾಲಿ ಮನೆಯಲ್ಲಿ ಇಡಬಹುದು. ಒಂಬತ್ತಕ್ಕೆ ಒಂಬತ್ತು, 81 ಮನೆ. ನೀವು ಸಲೀಸಾಗಿ ಒಂಟೆಗೆ ಒಂಟೆ ಹೊಡೆದುಕೊಂಡ ಮರುಗಳಿಗೆಗೆ ಅವನ ಕೈಲಿರುವ ಒಂಟೆ ನಿಮ್ಮ ರಾಜ ಮತ್ತು ಆನೆ ಎರಡಕ್ಕೂ ತಾಗುವ ಮನೆಯಲ್ಲಿ ಬಂದು ಕೂರುತ್ತದೆ. ನೀವು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಹೀಗೆ ಕಾಯಿಗಳು ಕೈ ಬದಲಾಯಿಸುವುದರಿಂದಲೇ ಅವಕ್ಕೆ ಕಪ್ಪು ಬಿಳುಪು ಬಣ್ಣವಿಲ್ಲ. ಐದು ಮೂಲೆಯ ಚೂಪು ಯಾರ ಕಡೆ ತೋರುತ್ತದೋ ಅವರ ವೈರಿ ಅದು. ಇಡುವುದಕ್ಕೂ ಕಟ್ಟುಪಾಡಿದೆ. ನಿಮ್ಮ ಪ್ಯಾದೆ ಇರುವ ಉದ್ದ ಸಾಲಿನಲ್ಲಿ ಇನ್ನೊಂದು ಪ್ಯಾದೆ ಇಡುವಂತಿಲ್ಲ, ಪ್ಯಾದೆ ಇಟ್ಟೇ ಮಾತ್ ಮಾಡುವಂತಿಲ್ಲ. ಪ್ಯಾದೆ ನೇರ ನಡೆದು ನೇರವೇ ಹೊಡೆಯುತ್ತದೆ, ಓರೆಯಾಗಿ ಅಲ್ಲ. ಕುದುರೆ ಮುಂದಕ್ಕಷ್ಟೇ ಜಿಗಿಯುತ್ತದೆ, ಹಿಂದಿರುಗದು.

ಎರಡನೆಯ ತಪ್ಪು ರಾಜನನ್ನು ನಡುವೆ ಬಿಟ್ಟು ಹೊಡೆದಾಟಕ್ಕೆ ಇಳಿಯುವುದು. ಎದುರಾಳಿ ಎಲ್ಲಿ ಬೇಕಾದರೂ ಕೈಲಿರುವ ಕಾಯಿ ಇಡಬಲ್ಲ ಆಟದಲ್ಲಿ ಮೊದಲು ಕೋಟೆ ಕಟ್ಟಬೇಕು. ಮಿನೊ ಎಂಬ ಒಂದೇ ಕೋಟೆ ಕಲಿಯಿರಿ: ಆನೆ ಎಡಕ್ಕೆ ಸರಿಯುತ್ತದೆ, ರಾಜ ಬಲಕ್ಕೆ ಹೋಗಿ ಎರಡು ಚಿನ್ನ, ಒಂದು ಬೆಳ್ಳಿ ಎಂಬ ಕಾಯಿಗಳ ಮರೆಯಲ್ಲಿ ಕೂರುತ್ತಾನೆ. ಕಟ್ಟುವುದನ್ನು ಮೊಮ್ಮಗನೇ ತೋರಿಸಲಿ. ಇನ್ನೊಂದು ಕೋಟೆ ಸದ್ಯಕ್ಕೆ ಬೇಡ.

ಅಕ್ಷರದ ಭಯ ನಿಮ್ಮಂಥವರಿಗಲ್ಲ. ಎಂಟು ಬಗೆಯ ಕಾಯಿ. ವೈರಿಯ ಕಡೆಯ ಮೂರು ಅಡ್ಡ ಸಾಲಿನೊಳಗೆ ಹೊಕ್ಕರೆ ಅವುಗಳಲ್ಲಿ ಆರನ್ನು ಮಗುಚಿ ಬಡ್ತಿ ಕೊಡಬಹುದು. ಎಲ್ಲ ಸೇರಿ 14 ಗುರುತು. ಅದರಲ್ಲೂ ಬಡ್ತಿ ಪಡೆದ ಪ್ಯಾದೆ, ತೇರು, ಕುದುರೆ, ಬೆಳ್ಳಿ, ನಾಲ್ಕೂ ಚಿನ್ನದ ಹಾಗೇ ನಡೆಯುತ್ತವೆ. ಚಿನ್ನ ಹಿಂದಿನ ಎರಡು ಓರೆಮನೆ ಬಿಟ್ಟು ಸುತ್ತಲಿನ ಆರು ಮನೆಗೆ ಒಂದೊಂದೇ ಹೆಜ್ಜೆ ಇಡುತ್ತದೆ. ಚಿನ್ನದ ನಡೆ ಕೈಗೆ ಬಂತೆಂದರೆ ಅರ್ಧ ಕಲಿತ ಹಾಗೆ.

ಕಂಪ್ಯೂಟರಿನ ಎದುರು ಗುಟ್ಟಾಗಿ ಆಡುವುದನ್ನು ನಿಲ್ಲಿಸಿ. ಅದು ಹೊಡೆಯುತ್ತದೆ, ಯಾಕೆ ಹೊಡೆಯಿತೆಂದು ಹೇಳುವುದಿಲ್ಲ. ಲಿಶೋಗಿ ಎಂಬ ಜಾಲತಾಣ ಉಚಿತ. ಅಲ್ಲಿ ಒಂದೊಂದು ನಡೆಗೆ ದಿನಗಟ್ಟಲೆ ಗಡುವು ಇಟ್ಟು, ಕಾಯಿ ಇಳಿಸಿ, ಮೊಮ್ಮಗನ ಜತೆ ಆಡಬಹುದು. ಕಾಗದದ ಮೇಲೆ ಪತ್ರ ಬರೆದು ಚದುರಂಗ ಆಡುತ್ತಿದ್ದರಲ್ಲ, ಅದೇ ರೀತಿ. ಅವನು ಶಾಲೆಯಿಂದ ಬಂದು ಒಂದು ನಡೆ, ನೀವು ರಾತ್ರಿ ಉಂಡ ಮೇಲೆ ಒಂದು ನಡೆ. ದಿನಕ್ಕೊಂದು ಮಾತ್ ಮಾಡುವ ಸಮಸ್ಯೆಯನ್ನೂ ಬಿಡಿಸಿ, ಒಂದು ನಡೆಯದರಿಂದ ಶುರು ಮಾಡಿ ಮೂರು ನಡೆಯದಕ್ಕೆ. ಗಣಿತದ ಮಾಸ್ತರಿಗೆ ಅದರ ರುಚಿ ಹತ್ತದಿದ್ದರೆ ನನ್ನನ್ನು ಕೇಳಿ.

ಎದುರಿಗೆ ಕೂತು ಆಡುವವರೂ ಬೇಕು ಅಂದಿರಿ. ನಕ್ಕವರು ಇದ್ದಾರಲ್ಲ, ಜೇವರ್ಗಿಯವರು! ಅವರಿಗೆ ನಡೆಗಳನ್ನು ಕಲಿಸಿ, ಆರು ಕಾಯಿ ಇಳಿಸಿ ಕೂರಿಸಿ. ನಗುವಿಗೆ ಅಷ್ಟು ಬಡ್ಡಿ ನ್ಯಾಯವೇ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ನಿಮ್ಮದೇ ತಾಲ್ಲೂಕಿನಲ್ಲಿದೆ. ಬೇರೆ ಬೇರೆ ರಾಜ್ಯಗಳಿಂದ ಬಂದು ಓದುತ್ತಿರುವ ಹುಡುಗರಲ್ಲಿ ಜಪಾನಿ ಕಾರ್ಟೂನು ನೋಡಿ ಶೋಗಿ ಹಿಡಿದವರು ಒಬ್ಬಿಬ್ಬರಾದರೂ ಸಿಗಬಹುದು, ವಿಚಾರಿಸಿ ನೋಡಿ. ಅಫಜಲಪುರದ ಮಗಳ ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಇದರದೇ ಒಂದು ಮರಿ ಆಟವಿದೆ. ಕಿತಾವೊ ಮಾದೋಕಾ ಎಂಬ ವೃತ್ತಿ ಆಟಗಾರ್ತಿ 2008ರಲ್ಲಿ ಕಟ್ಟಿದ್ದು. ಮೂರಕ್ಕೆ ನಾಲ್ಕು, ಹನ್ನೆರಡೇ ಮನೆ. ತಲಾ ಒಂದು ಸಿಂಹ, ಆನೆ, ಜಿರಾಫೆ, ಕೋಳಿಮರಿ. ಸಿಂಹ ಸುತ್ತಲೂ ಒಂದು ಹೆಜ್ಜೆ, ಜಿರಾಫೆ ನೇರ, ಆನೆ ಓರೆ, ಕೋಳಿಮರಿ ಮುಂದಕ್ಕೆ ಮಾತ್ರ. ಆಚೆಯ ಕೊನೆ ಮುಟ್ಟಿದರೆ ಅದು ಕೋಳಿಯಾಗಿ ಚಿನ್ನದ ಹಾಗೆ ನಡೆಯುತ್ತದೆ. ಹೊಡೆದದ್ದನ್ನು ಮತ್ತೆ ಇಡಬಹುದು. ಎದುರಿನ ಸಿಂಹ ಹಿಡಿದವರು ಗೆದ್ದರು. ತಮ್ಮ ಸಿಂಹವನ್ನು ಸುರಕ್ಷಿತವಾಗಿ ಆಚೆ ಕೊನೆಗೆ ದಾಟಿಸಿದರೂ ಗೆದ್ದ ಹಾಗೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿದರೂ ನಡೆಯುತ್ತದೆ. ನಿಮ್ಮ ಕಲಿಕೆಯೂ ಇಲ್ಲಿಂದಲೇ ಶುರುವಾದರೆ ಇನ್ನೂ ಒಳ್ಳೆಯದು.

ದೊಡ್ಡ ಬೋರ್ಡು ಕೊಳ್ಳುವ ತನಕ ಕಾಯಬೇಡಿ. ಮನೆಯಲ್ಲಿ ಹಳೆಯ ಲಗ್ನಪತ್ರಿಕೆಗಳು ಬಿದ್ದಿರುತ್ತವೆ, ದಪ್ಪ ಕಾಗದ. ಐದು ಮೂಲೆಯ 40 ಚೂರು ಕತ್ತರಿಸಿ, ಕಡೆಗೆ ಇಪ್ಪತ್ತು. ರಾಜ ಒಂದು, ಆನೆ ಒಂದು, ಒಂಟೆ ಒಂದು, ಚಿನ್ನ, ಬೆಳ್ಳಿ, ಕುದುರೆ, ತೇರು ಎರಡೆರಡು, ಪ್ಯಾದೆ ಒಂಬತ್ತು. ಕನ್ನಡದ ಮೊದಲಕ್ಷರ ದೊಡ್ಡದಾಗಿ, ಅದರ ಕೆಳಗೆ ಅವರ ಅಕ್ಷರ ಸಣ್ಣದಾಗಿ ಬರೆಯಿರಿ. ಅವರ ಅಕ್ಷರವನ್ನು ಮೊಮ್ಮಗ ಫೋನಿನಲ್ಲಿ ಒಂದೊಂದಾಗಿ ಬರೆದು ತೋರಿಸಲಿ. ಹಿಂದಿನ ಮಗ್ಗುಲಿಗೆ ಬಡ್ತಿಯ ಗುರುತು, ಕೆಂಪು ಶಾಯಿಯಲ್ಲಿ. ನಾಲ್ಕೈದು ಪ್ಯಾದೆ ಹೆಚ್ಚಿಗೆ ಕತ್ತರಿಸಿಟ್ಟುಕೊಳ್ಳಿ, ಸೋಫಾದ ಸಂದಿಗೆ ಹೋಗುವುದು ಅವೇ.